ಕಿಲುಬು ಹಿಡಿದ ಪಿನ್ನು

ನಮ್ಮ ಗ್ಯಾರೇಜಿನಲ್ಲಿ ದಸರೆಯ ನವಮಿಯ ಪೂಜೆಗೆ ಎಂಜಿನ್ ಮೇಲೆ ನಿಂಬೆಹಣ್ಣು ಹಿಂಡುವ ರೂಢಿ ಇತ್ತು. ಅದನ್ನು ನಾನು ಬಿಟ್ಟು ಆರು ವರ್ಷವಾಯಿತು. ಯಾಕೆ ಬಿಟ್ಟಿರಿ ಎಂದು ಯಾರಾದರೂ ಕೇಳಿದರೆ, ಈಗಿನ ಗಾಡಿಗಳಿಗೆ ಹುಳಿ ಆಗಿಬರುವುದಿಲ್ಲ ಎಂದು ಹೇಳಿ ಮಾತು ಮುಗಿಸುತ್ತೇನೆ. ಅದು ಸುಳ್ಳಲ್ಲ. ಆದರೆ ಅಷ್ಟೇ ಹೇಳಿ ಸುಮ್ಮನಾಗುವುದು ಸುಳ್ಳಿಗಿಂತ ಕೆಟ್ಟದ್ದೆಂದು ನನಗೆ ಈಗ ಅನ್ನಿಸುತ್ತದೆ.

ನಾನು ಐದನೆಯ ಇಯತ್ತೆಯವರೆಗೆ ಓದಿದವನು. ಅಪ್ಪ ತೀರಿಕೊಂಡ ವರ್ಷವೇ ಶಾಲೆ ಬಿಟ್ಟು ಬೆಟಗೇರಿಯ ಒಂದು ಗ್ಯಾರೇಜಿಗೆ ಸೇರಿದೆ. ಅಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಮಿಸ್ತ್ರಿಯನ್ನು ಎಲ್ಲರೂ ಉಸ್ತಾದರು ಎನ್ನುತ್ತಿದ್ದರು. ಅವರು ಬಂದ ಕೂಡಲೇ ಬಾನೆಟ್ ಎತ್ತುತ್ತಿರಲಿಲ್ಲ. ಮೊದಲು ಅದರ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎನ್ನುವುದನ್ನು ಹಾಗೆಯೇ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಗ್ಯಾರೇಜು ನನ್ನ ಕೈಗೆ ಬಂತು. ಅವರ ಪಾನಾ, ಇಕ್ಕಳಗಳು ಬಂದವು. ಅವರ ನವಮಿಯ ಪದ್ಧತಿಯೂ ಬಂತು.

ಪದ್ಧತಿ ಎಂದರೆ ಇಷ್ಟು. ನವಮಿಯ ದಿನ ನಮ್ಮ ಕಾಯಂ ಗಿರಾಕಿಗಳು ಗಾಡಿ ತೊಳೆದು ತಂದು ಸಾಲಾಗಿ ನಿಲ್ಲಿಸುತ್ತಿದ್ದರು. ಎಲ್ಲರೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರೆ ನಮ್ಮ ಉಸ್ತಾದರದು ಬೇರೆ. ನಿಂಬೆಹಣ್ಣು ಹೋಳು ಮಾಡಿ, ಅದಕ್ಕೆ ಕುಂಕುಮ ತುಂಬಿ, ಎಂಜಿನ್ನಿನ ನೆತ್ತಿಯ ಮೇಲೆ ಹಿಂಡಬೇಕು. ಆಮೇಲೆ ಅರಿಷಿಣದ ಕೊಂಬನ್ನು ಹಳದಿ ದಾರದಲ್ಲಿ ಕಟ್ಟಿ ಎಂಜಿನ್ನಿಗೆ ಕಂಕಣ ಕಟ್ಟಬೇಕು. ಆ ದಾರವನ್ನು ಮುಂದಿನ ನವಮಿಯವರೆಗೆ ಯಾರೂ ಬಿಚ್ಚುವಂತಿಲ್ಲ. ಉಸ್ತಾದರ ಕಾಲದ ಎಂಜಿನ್ನುಗಳು ಬರೀ ಕಬ್ಬಿಣ. ಹುಳಿ ಹಿಂಡಿದರೇನು, ನೀರು ಸುರಿದರೇನು. ನನ್ನ ಕಾಲಕ್ಕೆ ಬಂದ ಎಂಜಿನ್ನುಗಳ ತುಂಬ ವೈರುಗಳು. ದಾರ ಕಟ್ಟಲು ಸುಲಭವಾಗಿ ಸಿಗುತ್ತಿದ್ದುದು ಎಂಜಿನ್ನಿನ ನೆತ್ತಿಯ ಮೇಲೆಯೇ ಹಾದುಹೋಗುವ ದಪ್ಪನೆಯ ವೈರಿನ ಕಟ್ಟು. ನಾನು ಅದಕ್ಕೇ ಕಟ್ಟುತ್ತಿದ್ದೆ. ಕೊಂಬು ಬಿದ್ದುಹೋಗಬಾರದೆಂದು ಮೇಲೆ ಕರಿ ಟೇಪು ಸುತ್ತುತ್ತಿದ್ದೆ.

ನನ್ನ ತಮ್ಮ ನನಗಿಂತ ಹನ್ನೊಂದು ವರ್ಷ ಸಣ್ಣವನು. ಅವನನ್ನು ನಾನು ಶಾಲೆ ಬಿಡಿಸಲಿಲ್ಲ. ಗದಗಿನಲ್ಲಿ ಐಟಿಐ ಮುಗಿಸಿದ. ಆಮೇಲೆ ನನ್ನ ಜೊತೆಗೇ ಗ್ಯಾರೇಜಿಗೆ ಬಂದ. ಬರುವಾಗ ಒಂದು ಸ್ಕ್ಯಾನರ್ ತಂದ. ಗಾಡಿಗೆ ಅದರ ವೈರು ಚುಚ್ಚಿದರೆ ಯಾವ ಭಾಗದಲ್ಲಿ ದೋಷವಿದೆ ಎಂಬುದನ್ನು ಅಂಕಿಯಲ್ಲಿ ತೋರಿಸುತ್ತದೆ. ಅವನು ಅದನ್ನು ನಮ್ಮವ್ವನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಡುತ್ತಿದ್ದ. ಮೊದಮೊದಲು ನಾನೇ ಅವನನ್ನು ಕರೆದು, ನಿನ್ನ ಪೆಟ್ಟಿಗೆ ಏನು ಹೇಳುತ್ತದೆ ನೋಡು ಎನ್ನುತ್ತಿದ್ದೆ. ಹೆಮ್ಮೆಯಿಂದಲೇ ಕೇಳುತ್ತಿದ್ದೆ. ಆಮೇಲೆ ಗಿರಾಕಿಗಳು ಬಂದು, ಸಣ್ಣ ಮಿಸ್ತ್ರಿ ಇದ್ದಾನೇನು ಎಂದು ಕೇಳತೊಡಗಿದರು. ನಾನು ಎದುರಿಗೇ ನಿಂತಿರುತ್ತಿದ್ದೆ. ಇದ್ದಾನೆ ಎಂದು ಹೇಳಿ ಒಳಗೆ ಹೋಗುತ್ತಿದ್ದೆ.

ನಮ್ಮ ಗಿರಾಕಿಗಳಲ್ಲಿ ಲಕ್ಷ್ಮೇಶ್ವರದ ಒಬ್ಬ ಮಾಸ್ತರರಿದ್ದರು. ಶಾಲೆಯ ನೌಕರಿಯಿಂದ ನಿವೃತ್ತರಾಗಿ, ಹಮ್ಮಿಗಿಯ ಹೊಲ ನೋಡಿಕೊಂಡು ಇದ್ದವರು. ಅವರದೊಂದು ಹಳೆಯ ಡೀಸೆಲ್ ಕಾರು. ಅದನ್ನು ಅವರು ಎಷ್ಟು ಜೋಪಾನ ಮಾಡುತ್ತಿದ್ದರೆಂದರೆ ಒಳಗೆ ಕೂಡುವ ಮೊದಲು ಚಪ್ಪಲಿ ಬಡಿದು ಧೂಳು ಉದುರಿಸುತ್ತಿದ್ದರು. ಉಸ್ತಾದರ ಕಾಲದಿಂದ ನಮ್ಮಲ್ಲಿಗೇ ಬರುತ್ತಿದ್ದರು. ನವಮಿಗೆ ಅವರದೇ ಮೊದಲ ಗಾಡಿ.

ಏಳು ವರ್ಷದ ಹಿಂದಿನ ನವಮಿ ಮುಗಿದು ತಿಂಗಳೊಪ್ಪತ್ತಿನಲ್ಲಿ ಅವರ ಕಾರಿನ ಮೀಟರಿನಲ್ಲಿ ಹಳದಿ ದೀಪ ಹತ್ತಿತು. ಎಂಜಿನ್ನಿನ ಚಿತ್ರ ಇರುವ ದೀಪ. ಇಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಹತ್ತುತ್ತಿತ್ತು. ಹತ್ತಿದ ಕೂಡಲೇ ಪಿಕಪ್ ಹೋಗಿ, ಗಾಡಿ ಎತ್ತಿನ ಬಂಡಿಯ ಹಾಗೆ ನಡೆಯುತ್ತಿತ್ತು. ಕೀಲಿ ಆರಿಸಿ ಮತ್ತೆ ಚಾಲೂ ಮಾಡಿದರೆ ದೀಪ ಮಾಯ, ಪಿಕಪ್ಪೂ ವಾಪಸ್. ಎರಡು ದಿನ ಚೆನ್ನಾಗಿರುತ್ತಿತ್ತು. ಮೂರನೆಯ ದಿನ ಮತ್ತೆ ಅದೇ.

ನನ್ನ ತಮ್ಮ ಸ್ಕ್ಯಾನರ್ ಹಚ್ಚಿ ನೋಡಿದ. ಡೀಸೆಲ್ ಒತ್ತಡ ಅಳೆಯುವ ಸೆನ್ಸರಿನ ದೋಷ ಎಂದು ಬಂತು. ನಾನು ಹಾಗಾದರೆ ಸೆನ್ಸರ್ ಬದಲಿಸು ಎಂದೆ. ಅವನು, ದೋಷ ಅಲ್ಲಿಂದ ಬರುತ್ತಿದೆ ಎಂದರೆ ಸೆನ್ಸರೇ ಕೆಟ್ಟಿದೆ ಎಂದಲ್ಲ ಅಣ್ಣ, ಮೊದಲು ವೈರ್ ನೋಡಬೇಕು ಎಂದ. ನಾನು ಕೇಳಲಿಲ್ಲ. ಸೆನ್ಸರ್ ಹೊಸದು ಹಾಕಿಸಿದೆ. ನಾಲ್ಕು ದಿನಕ್ಕೆ ದೀಪ ಹತ್ತಿತು. ಡೀಸೆಲ್ ಕಲಬೆರಕೆ ಇರಬೇಕೆಂದು ಟಾಕಿ ಇಳಿಸಿ ತೊಳೆದೆ, ಫಿಲ್ಟರ್ ಬದಲಿಸಿದೆ. ವಾರಕ್ಕೆ ಮತ್ತೆ ಹತ್ತಿತು. ನಡುವೆ ಸೆನ್ಸರಿನ ಹತ್ತಿರ ಒಂದು ವೈರ್ ಸಡಿಲಾಗಿದೆ ಎಂದು ತಮ್ಮ ಹೊಸದಾಗಿ ಬೆಸುಗೆ ಹಾಕಿದ. ಅದಕ್ಕೂ ಜಗ್ಗಲಿಲ್ಲ. ಮಾಸ್ತರರು ತಿಂಗಳಿಗೆರಡು ಸಲ ಬರುವವರು ವಾರಕ್ಕೆರಡು ಸಲ ಬರತೊಡಗಿದರು. ಬಂದಾಗೊಮ್ಮೆ, ರೋಗಿಯನ್ನು ವಿಚಾರಿಸುವವರ ಹಾಗೆ, ಗಾಡಿಯ ತಬ್ಯೇತ್ ಹೆಂಗೈತಿ ಎಂದು ಅವರೇ ನಗುತ್ತಿದ್ದರು. ಕ್ರಮೇಣ ನಗುವುದನ್ನು ಬಿಟ್ಟರು.

ಒಂದು ದಿನ ಮಧ್ಯಾಹ್ನ, ಗ್ಯಾರೇಜಿನಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ಮಾಸ್ತರರ ಕಾರನ್ನು ತಮ್ಮ ಚಾಲೂ ಇಟ್ಟು, ಸ್ಕ್ಯಾನರನ್ನು ಬಾನೆಟ್ಟಿನ ಅಂಚಿಗೆ ನಿಲ್ಲಿಸಿಕೊಂಡು, ವೈರಿನ ಕಟ್ಟನ್ನು ಗೇಣು ಗೇಣಿಗೆ ಹಿಡಿದು ಅಲುಗಾಡಿಸುತ್ತ ಬಂದ. ಹಳದಿ ದಾರ ಇದ್ದ ಜಾಗಕ್ಕೆ ಅವನ ಕೈ ಬಂದಾಗ ಪರದೆಯ ಮೇಲಿನ ಅಂಕಿ ಎದ್ದು ಬಿದ್ದು ಕುಣಿಯಿತು. ಕೈ ಬಿಟ್ಟ, ನಿಂತಿತು. ಹಿಡಿದ, ಕುಣಿಯಿತು. ಅವನ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದೆ. ಪರೀಕ್ಷೆ ಪಾಸಾದ ದಿನವೂ ಅವನು ಹಾಗೆ ನಕ್ಕಿರಲಿಲ್ಲ.

"ಅಣ್ಣ, ಬಾ ಇಲ್ಲೆ. ಸಿಕ್ತು. ಇದರೊಳಗ ನಡುವ ಒಂದು ಕಪ್ಲರ್ ಐತಿ. ಟೇಪ್ ಬಿಚ್ಚಿ ನೋಡೂಣು."

ಕಪ್ಲರ್ ಎಂದರೆ ಎರಡು ವೈರುಗಳು ಒಂದಕ್ಕೊಂದು ಕೂಡುವ ಪ್ಲಾಸ್ಟಿಕ್ ಜೋಡಣೆ. ಒಳಗೆ ಸಣ್ಣ ಸಣ್ಣ ಪಿನ್ನುಗಳಿರುತ್ತವೆ. ಅದು ನನಗೂ ಗೊತ್ತಿತ್ತು. ಅಂಕಿ ಕುಣಿದದ್ದನ್ನೂ ನಾನು ನೋಡಿದ್ದೆ. ಆದರೆ ಗಿರಾಕಿಗಳೆಲ್ಲ ಅವನ ಸುತ್ತ ಕುತ್ತಿಗೆ ಚಾಚಿ ನಿಂತಿದ್ದರು. ಒಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ.

"ಆ ದಾರ ನವಮಿತನಕ ಬಿಚ್ಚಾಂಗಿಲ್ಲ" ಎಂದೆ.

"ದಾರಾ ಹರಿಯೂದಿಲ್ಲ. ಒಂದು ಬಾಜೂ ಸರಿಸಿ ನೋಡತೀನಿ."

"ಏನಂತೈತಿ ನಿನ್ನ ಪೆಟಿಗಿ? ಉಸ್ತಾದರು ಹಾಕಿಕೊಟ್ಟ ದಾರದಾಗ ದೋಷ ಐತಿ ಅಂತೈತೇನು?"

ಜನ ನಕ್ಕರು. ನನ್ನ ತಮ್ಮ ಕೈ ಹಿಂದಕ್ಕೆ ತೆಗೆದುಕೊಂಡ. ಸ್ಕ್ಯಾನರನ್ನು ಸೀರೆಯ ತುಂಡಿನಲ್ಲಿ ಸುತ್ತಿದ. ನಾನು ಮತ್ತೆರಡು ಮಾತು ಸೇರಿಸಿದೆ ಎಂದು ನೆನಪು. ಅಂಕಿ ನೋಡಿ ಗಾಡಿ ರಿಪೇರಿ ಆಗುವುದಾದರೆ ಜ್ಯೋತಿಷಿಗಳೆಲ್ಲ ಗ್ಯಾರೇಜು ಹಾಕುತ್ತಿದ್ದರು ಎಂಬಂಥ ಮಾತು. ಜನ ಇನ್ನೂ ನಕ್ಕರು.

ಶ್ರಾವಣದ ಕೊನೆಗೆ ಮಾಸ್ತರರ ಮಗಳ ಕುಬಸ ಬಂತು. ಮಗಳನ್ನು ಮುಂಡರಗಿಗೆ ಕೊಟ್ಟಿದ್ದರು. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಸಿಹಿ ತಿನಿಸಿನ ಬುಟ್ಟಿಗಳನ್ನು ತೆಗೆದುಕೊಂಡು ಹೋಗಿ ಆರತಿ ಮಾಡಬೇಕು. ಹೊರಡುವ ಹಿಂದಿನ ದಿನ ಮಾಸ್ತರರು ಗಾಡಿಯನ್ನು ನಮ್ಮಲ್ಲಿಗೆ ತಂದು, ಒಂದು ದಿನದ ಮಟ್ಟಿಗೆ ನಡೆದರೆ ಸಾಕು ಎಂದರು. ನಾನು ಫಿಲ್ಟರಿನಲ್ಲಿದ್ದ ನೀರು ತೆಗೆದು, ಮುಳಗುಂದದವರೆಗೆ ಓಡಿಸಿಕೊಂಡು ಬಂದು, ಬೇಫಿಕೀರ್ ಹೋಗಿ ಬರ್ರಿ ಸರ ಎಂದೆ. ತಮ್ಮ ದೂರ ನಿಂತು ಕೇಳಿಸಿಕೊಳ್ಳುತ್ತಿದ್ದ. ಏನೋ ಹೇಳಲು ಬಂದವನು ನನ್ನ ಮುಖ ನೋಡಿ ಒಳಗೆ ಹೋದ.

ಶಿರಹಟ್ಟಿ ದಾಟಿ ಗುಡ್ಡದ ಏರು ಹತ್ತುವಾಗ ದೀಪ ಹತ್ತಿತಂತೆ. ಆ ಸಲ ಕೀಲಿ ಆರಿಸಿದರೂ ಹೋಗಲಿಲ್ಲ. ಮಾಸ್ತರರ ಹೆಂಡತಿ ಬುಟ್ಟಿಗಳನ್ನು ತೊಡೆಯ ಮೇಲಿಟ್ಟುಕೊಂಡು ಎರಡು ತಾಸು ರಸ್ತೆಯ ಪಕ್ಕ ಕೂತಿದ್ದರು. ಕೊನೆಗೆ ಹಾದು ಹೋಗುವ ಒಂದು ಟಂಟಂ ಆಟೊ ಹತ್ತಿ ಮುಂಡರಗಿ ಮುಟ್ಟಿದರು.

ಮರುದಿನ ಮಾಸ್ತರರು ಕಾರನ್ನು ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದರು. ಅವರು ಜೋರಾಗಿ ಮಾತಾಡುವವರಲ್ಲ. ಅವತ್ತೂ ದನಿ ಏರಿಸಲಿಲ್ಲ.

"ನಮ್ಮ ಮನಿಯಾಕಿ ಹಸರ ಸೀರಿ ಹಿಡಕೊಂಡು ಬೀಗರ ಮನಿ ಹೊಚ್ಚಲ ದಾಟೂದರಾಗ ಆರತಿ ಮುಗಿದಿತ್ತು ಮಿಸ್ತ್ರಿ. ಮಂದಿ ಉಂಡು ಎದ್ದಿದ್ರು. ಮಗಳು ನಮ್ಮ ಮುಖಾ ನೋಡಿ ಅತ್ತಳು. ಒಂಬತ್ತು ತಿಂಗಳಿಂದ ನಿಮ್ಮ ಭರೋಸಾದ ಮ್ಯಾಲೆ ಇದ್ದೆ. ಹೊರಗ ಎಲ್ಲೂ ತೋರಿಸಲಿಲ್ಲ."

ಗ್ಯಾರೇಜಿನಲ್ಲಿ ಅವತ್ತೂ ಜನ ಇದ್ದರು. ಎಲ್ಲರೂ ನನ್ನ ಕಡೆ ತಿರುಗಿದರು. ರಸ್ತೆಯ ಆಚೆಯ ಮನೆಯಲ್ಲಿ ಮಗ್ಗ ಬಡಿಯುತ್ತಿತ್ತು. ನನ್ನ ಬಾಯಿಂದ ಬಂದ ಮಾತು ಇದು:

"ಇದರಾಗ ನನ್ನ ಕೈ ಇಲ್ಲರಿ ಸರ. ಇಂವ ಬೆಸಿಗಿ ಹಾಕತೀನಂತ ಹೋಗಿ ವೈರ್ ಕೆಡಿಸ್ಯಾನ."

ತಮ್ಮ ನನ್ನನ್ನು ನೋಡಿದ. ಅವನು ಹೇಳಬಹುದಿತ್ತು. ದಾರದ ಕೆಳಗೆ ನೋಡಬೇಕೆಂದಿದ್ದೆ, ಅಣ್ಣ ಬಿಡಲಿಲ್ಲ ಎಂದು ಒಂದೇ ಮಾತು ಹೇಳಬಹುದಿತ್ತು. ಅವತ್ತು ನಕ್ಕಿದ್ದವರಲ್ಲಿ ಇಬ್ಬರು ಅಲ್ಲಿಯೇ ಇದ್ದರು, ಸಾಕ್ಷಿ ಹೇಳುತ್ತಿದ್ದರು. ಅವನು ಹೇಳಲಿಲ್ಲ. ಮಾಸ್ತರರ ಹತ್ತಿರ ಹೋಗಿ ಕೈಮುಗಿದು, ತಪ್ಪಾತ್ರಿ ಸರ ಎಂದ. ಸಾಬೂನು ಪುಡಿ ಹಾಕಿ ಮೊಣಕೈವರೆಗೆ ಕೈ ತೊಳೆದುಕೊಂಡ. ಕೈ ಒರೆಸುವ ಬಟ್ಟೆಯನ್ನು ಮೊಳೆಗೆ ಹಾಕಿದ. ಸ್ಕ್ಯಾನರಿನ ಗಂಟು ಬಗಲಲ್ಲಿ ಹಿಡಿದು ಹೊರಟ. ಮರುದಿನದಿಂದ ಶಿರಹಟ್ಟಿಯ ಒಂದು ಗ್ಯಾರೇಜಿಗೆ ಹೋಗುತ್ತಿದ್ದಾನೆ ಎಂದು ನನ್ನ ಹೆಂಡತಿ ಹೇಳಿದಳು. ನಾಲ್ಕು ದಿನಕ್ಕೆ ಸಿಟ್ಟು ಇಳಿಯುತ್ತದೆ, ಬರುತ್ತಾನೆ ಎಂದೆ. ಸಿಟ್ಟು ಅವನಿಗೆ ಬಂದೇ ಇರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಲಿಲ್ಲ.

ಮಾಸ್ತರರ ಕಾರು ನಮ್ಮಲ್ಲೇ ನಿಂತಿತು. ನಾನು ಅದಕ್ಕೆ ಏನೇನೋ ಮಾಡಿದೆ. ಪಂಪು ಬಿಚ್ಚಿಸಿದೆ, ಕಂಪ್ಯೂಟರ್ ಡಬ್ಬಿ ಬಿಚ್ಚಿ ಒಣಗಿಸಿದೆ. ದಾರವೊಂದನ್ನು ಮಾತ್ರ ಮುಟ್ಟಲಿಲ್ಲ. ಅಲ್ಲಿಯೇ ಇದೆ ಎಂದು ಗೊತ್ತಿದ್ದುದರಿಂದಲೇ ಮುಟ್ಟಲಿಲ್ಲವೋ ಏನೋ.

ಅಷ್ಟಮಿಯ ದಿನ ಪಾನಾಗಳನ್ನೆಲ್ಲ ಡೀಸೆಲ್ಲಿನಲ್ಲಿ ತೊಳೆದು ಒಣಹಾಕಿದ ಮೇಲೆ, ಹಳೆಯ ದಾರಗಳನ್ನು ತೆಗೆಯುವ ಕೆಲಸ. ಹೊಸ ದಾರ ಕಟ್ಟುವ ಮೊದಲು ಹಳೆಯದನ್ನು ತೆಗೆಯುವುದು ಪದ್ಧತಿಯಲ್ಲೇ ಇತ್ತು. ಮಾಸ್ತರರ ಕಾರಿನ ಟೇಪನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ಅರಿಷಿಣದ ಕೊಂಬು ಬೂಷ್ಟು ಹಿಡಿದು ಕರ್ರಗಾಗಿತ್ತು. ಕುಂಕುಮ ಮತ್ತು ನಿಂಬೆರಸ ಕೂಡಿ ಕೆಂಪನೆಯ ಗಟ್ಟಿ ಹೆಂಟೆಯಾಗಿ ಕಪ್ಲರಿನ ಬಾಯಿಗೆ ಅಂಟಿತ್ತು. ಅದರಲ್ಲೊಂದು ನಿಂಬೆಯ ಬೀಜ. ಕಪ್ಲರ್ ಎಳೆದು ಬಿಡಿಸಿದೆ. ಮೂರು ಪಿನ್ನುಗಳಿಗೂ ಹಸಿರು ಕಿಲುಬು ಹಿಡಿದಿತ್ತು. ನಡುವಿನದು ಸೂಜಿಯಷ್ಟು ಸವೆದಿತ್ತು. ಉಗುರು ತಾಗಿದ್ದಕ್ಕೆ ಮುರಿದು ನನ್ನ ಅಂಗೈಗೆ ಬಿತ್ತು.

ತಾಮ್ರದ ಚೊಂಬಿನಲ್ಲಿ ಮಜ್ಜಿಗೆ ಇಡಬಾರದು, ಹಿತ್ತಾಳೆ ಡಬ್ಬಿಯಲ್ಲಿ ನಿಂಬೆಯ ಉಪ್ಪಿನಕಾಯಿ ಹಾಕಬಾರದು. ನಮ್ಮ ಮನೆಯಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು. ನಮ್ಮವ್ವ ಇದಕ್ಕೆ ನನ್ನ ಕೈಗೆ ಹೊಡೆದದ್ದೂ ಉಂಟು. ನಾನು ಮೂವತ್ತು ವರ್ಷ ಮಿಸ್ತ್ರಿ ಎನ್ನಿಸಿಕೊಂಡು, ತಾಮ್ರದ ವೈರಿನ ಬಾಯಿಗೆ ವರ್ಷಕ್ಕೊಮ್ಮೆ ಹುಳಿ ಹಿಂಡಿ ಮೇಲೆ ಟೇಪು ಸುತ್ತಿ ಮುಚ್ಚುತ್ತ ಬಂದಿದ್ದೆ.

ಆಮೇಲೆ ತಮ್ಮನ ಬೆಸುಗೆಯನ್ನು ನೋಡಿದೆ. ಜೋಳದ ಕಾಳಿನಷ್ಟು ಸಣ್ಣದು, ನುಣ್ಣಗೆ ಹೊಳೆಯುತ್ತಿತ್ತು. ಇಕ್ಕಳದಲ್ಲಿ ಹಿಡಿದು ಜಗ್ಗಿದೆ. ಬಿಡಲಿ ಎಂದು ಜಗ್ಗಿದೆ. ಬಿಡಲಿಲ್ಲ.

ಕಪ್ಲರ್ ಬದಲಿಸಲು ಅರ್ಧ ತಾಸು ಸಾಕಾಯಿತು. ಹತ್ತು ತಿಂಗಳ ಕೆಲಸ ಅರ್ಧ ತಾಸಿನದು. ಅವತ್ತೇ ಮಾಸ್ತರರ ಕಾರನ್ನು ಮುಳಗುಂದಕ್ಕೆ ಒಯ್ದೆ, ಅಲ್ಲಿಂದ ಶಿರಹಟ್ಟಿಯ ಏರಿಗೂ ಒಯ್ದೆ. ದೀಪ ಹತ್ತಲಿಲ್ಲ. ಬಂದು, ಪೂಜೆಗೆಂದು ಮೊದಲೇ ತಂದು ನಿಲ್ಲಿಸಿದ್ದ ಇನ್ನೂ ಮೂರು ಗಾಡಿಗಳ ಟೇಪು ಬಿಚ್ಚಿ ನೋಡಿದೆ. ಮೂರರಲ್ಲೂ ಕಿಲುಬು. ಯಾರಿಗೂ ಹೇಳದೆ ಉಜ್ಜಿ ಒರೆಸಿ ಮುಚ್ಚಿದೆ. ಮುರಿದ ಪಿನ್ನನ್ನು ಬಿಸಾಡಲು ಮನಸ್ಸಾಗಲಿಲ್ಲ. ವಾಷರುಗಳ ಡಬ್ಬಿಗೆ ಹಾಕಿದೆ.

ಮರುದಿನ ನವಮಿ. ಮಾಸ್ತರರು ಬಂದು ಗಾಡಿ ಓಡಿಸಿ ನೋಡಿ ನನ್ನ ಎರಡೂ ಕೈ ಹಿಡಿದುಕೊಂಡರು. ಕಡೀಕ ನಿಮ್ಮ ಕೈಯೇ ಬೇಕಾತು ನೋಡ್ರಿ ಮಿಸ್ತ್ರಿ ಎಂದರು. ನೆರೆದವರು ಹೌದೆಂದು ತಲೆಯಾಡಿಸಿದರು. ನಾನು ನಗಲಿಲ್ಲ, ಇಲ್ಲವೆನ್ನಲೂ ಇಲ್ಲ. ಆ ವರ್ಷ ನಿಂಬೆಹಣ್ಣನ್ನು ಗಾಲಿಯ ಮೇಲೆ ಹಿಂಡಿದೆ. ದಾರವನ್ನು ಸ್ಟೇರಿಂಗಿಗೆ ಕಟ್ಟಿದೆ. ಯಾರೂ ಗಮನಿಸಲಿಲ್ಲ. ಇದ್ದಿದ್ದರೆ ತಮ್ಮ ಗಮನಿಸುತ್ತಿದ್ದ.

ಇಷ್ಟರವರೆಗಿನದನ್ನು ನಾನು ಹೇಗೋ ನುಂಗಿಕೊಳ್ಳಬಲ್ಲೆ. ಸಿಟ್ಟಿನಲ್ಲಿ ಆಡಿದ ಮಾತು, ಜನರೆದುರು ಮುಖ ಉಳಿಸಿಕೊಳ್ಳಲು ಆಡಿದ ಮಾತು ಎನ್ನಬಹುದು. ದಶಮಿಯ ದಿನದ್ದನ್ನು ಹಾಗೆ ಅನ್ನಲು ಬರುವುದಿಲ್ಲ.

ನಮ್ಮ ಕಡೆ ದಶಮಿಯ ಸಂಜೆ ಬನ್ನಿ ಕೊಡುತ್ತೇವೆ. ಬನ್ನಿಗಿಡದ ಎಲೆಗಳನ್ನು ಹಿಡಿದು ಸಣ್ಣವರು ದೊಡ್ಡವರ ಮನೆಗೆ ಹೋಗುತ್ತಾರೆ. ಎಲೆ ಕೊಟ್ಟು, ಬಂಗಾರದಂಗ ಇರೂಣು ಎಂದು ಕಾಲು ಮುಟ್ಟುತ್ತಾರೆ. ತೆಗೆದುಕೊಂಡವರು ತಮ್ಮ ಕೈಯ ಎಲೆಯನ್ನು ತಿರುಗಿ ಕೊಡುತ್ತಾರೆ. ವರ್ಷದ ಮಾತು, ಮುನಿಸು ಎಲ್ಲ ಅಲ್ಲಿಗೆ ಮುಗಿಯಬೇಕು. ಮಾತು ಬಿಟ್ಟವರೂ ಅವತ್ತು ಒಬ್ಬರ ಮನೆಗೊಬ್ಬರು ಹೋಗುತ್ತಾರೆ.

ತಮ್ಮ ಬಂದ. ತೊಳೆದ ಬಿಳಿ ಅಂಗಿ ಹಾಕಿಕೊಂಡಿದ್ದ. ಓಣಿಯ ಹತ್ತೆಂಟು ಜನ ನಮ್ಮ ಕಟ್ಟೆಯ ಮೇಲಿದ್ದರು. ನನ್ನ ಕೈಗೆ ಬನ್ನಿ ಕೊಟ್ಟ. ಕಾಲು ಮುಟ್ಟುವ ಮೊದಲು ಒಂದು ಮಾತು ಕೇಳಿದ. ತಣ್ಣಗೆ, ಕಲಿಯುವವನು ಕೇಳುವ ಹಾಗೆ ಕೇಳಿದ.

"ಮಾಸ್ತರ ಗಾಡಿ ಲೈಟ್ ಹೋತಂತಲ್ಲ ಅಣ್ಣ. ಏನಿತ್ತು?"

ನನ್ನ ಎದೆಯೊಳಗೆ ಮಾತು ಇತ್ತು. ನಿನ್ನೆ ಮೊನ್ನೆಯಿಂದ ಇತ್ತು. ಕಟ್ಟೆಯ ಮೇಲಿನವರು ನನ್ನ ಬಾಯನ್ನೇ ನೋಡುತ್ತಿದ್ದರು.

"ನಿನ್ನ ಬೆಸಿಗಿ ಬಿಟ್ಟಿತ್ತು" ಎಂದೆ.

"ನಾ ಜಗ್ಗಿ ನೋಡಿದ್ದೆನಲ್ಲ."

"ಬಿಟ್ಟಿತ್ತು."

ಅವನು ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡ. ಬಾಗಿ ನನ್ನ ಕಾಲು ಮುಟ್ಟಿದ. ತಪ್ಪಾತು ಅಣ್ಣ, ಹೊಟ್ಟ್ಯಾಗ ಹಾಕ್ಕೊ ಎಂದ. ನಾನು ಅವನ ತಲೆಯ ಮೇಲೆ ಕೈ ಇಟ್ಟೆ. ಆತು ಬಿಡು ಎಂದೆ. ನನ್ನ ತಪ್ಪಿಗೆ ನಾನೇ ಅವನನ್ನು ಕ್ಷಮಿಸಿ ಕಳಿಸಿದೆ.

ಅವನು ಶಿರಹಟ್ಟಿಯ ಗ್ಯಾರೇಜಿನಲ್ಲಿ ಮುಂದಿನ ಯುಗಾದಿಯವರೆಗೂ ಇರಲಿಲ್ಲ. ಅಲ್ಲಿಯ ಮಿಸ್ತ್ರಿ ಒಮ್ಮೆ ಗದಗಿನ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕು ಹೇಳಿದ. ನಿಮ್ಮ ತಮ್ಮ ಕೆಲಸದಲ್ಲಿ ಶಾಣ್ಯಾ, ಆದರೆ ಒಂದು ವೈರ್ ಜೋಡಿಸಿದರೆ ಮೂರು ಸಲ ಬಿಚ್ಚಿ ನೋಡುತ್ತಾನೆ. ಗಾಡಿ ಹೊರಗೆ ಹೋದ ಮೇಲೂ ಫೋನ್ ಮಾಡಿ ಲೈಟ್ ಹತ್ತಿತೇನು ಎಂದು ಕೇಳುತ್ತಾನೆ. ಗಿರಾಕಿಗಳಿಗೆ ಬೇಸರ ಬಂದಿದೆ. ನಾನು ಕೈಯಲ್ಲಿದ್ದ ಫಿಲ್ಟರನ್ನು ತಿರುಗಿಸಿ ನೋಡುತ್ತ ನಿಂತೆ. ಆಮೇಲೆ ಅವನು ಆ ಕೆಲಸವನ್ನೇ ಬಿಟ್ಟ. ಸ್ಕ್ಯಾನರನ್ನು ತನ್ನ ಐಟಿಐ ಗೆಳೆಯನಿಗೆ ಕೊಟ್ಟುಬಿಟ್ಟ. ಮುಂಡರಗಿಯ ಒಂದು ಗೋದಾಮಿನಲ್ಲಿ ಗೇಟು ಕಾಯುವ ಕೆಲಸ ಹಿಡಿದ. ಅಲ್ಲಿಯೇ ಮದುವೆಯಾಯಿತು. ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಾನೇ ನಿಂತೆ.

ಐದು ದಶಮಿ ಹೋದವು. ಪ್ರತಿ ಸಲವೂ ಅವನು ಬನ್ನಿ ತಂದ, ಪ್ರತಿ ಸಲವೂ ಹೇಳಬೇಕೆಂದುಕೊಂಡೆ. ಜನ ಇದ್ದಾರೆ ಎಂದು ಸುಮ್ಮನಾದೆ. ಒಂದು ವರ್ಷ ಜನ ಇರಲಿಲ್ಲ, ಅವತ್ತು ಹಬ್ಬದ ದಿನ ಯಾಕೆ ಎಂದು ಸುಮ್ಮನಾದೆ.

ಹೋದ ಬೇಸಿಗೆಯಲ್ಲಿ ಒಂದು ಕೆಲಸಕ್ಕೆ ಮುಂಡರಗಿಗೆ ಹೋದವನು ಅವನ ಮನೆಗೆ ಹೋಗಿದ್ದೆ. ಅವನು ಗೇಟಿನ ಪಾಳಿಗೆ ಹೋಗಿದ್ದ. ಅವನ ಹೆಂಡತಿ ಶೇಂಗಾ ಚಟ್ನಿಯನ್ನು ಒರಳಿನಲ್ಲಿ ಕುಟ್ಟುತ್ತಿದ್ದಳು. ಮಿಕ್ಸರ್ ಇಲ್ಲೇನವ್ವಾ ಎಂದು ಕೇಳಿದೆ. ಅವಳು ನಕ್ಕಳು.

"ಐತ್ರಿ ಭಾವಾರ. ವೈರ್ ಕಡದೈತಿ. ಇವರು ಮುಟ್ಟಾಂಗಿಲ್ಲ. ನನ್ನ ಕೈಯಾಗ ಜೋಡಿಸಿದ್ದು ನಿಂದ್ರೂದಿಲ್ಲ, ಅಂಗಡಿಗೆ ಒಯ್ಯಿ ಅಂತಾರ. ಹಿಂಗೂ ಒಬ್ಬ ಮಿಸ್ತ್ರಿ ಇರತಾನೇನ್ರಿ?"

ಮಿಕ್ಸರ್ ಮೂಲೆಯಲ್ಲಿತ್ತು. ಪ್ಲಗ್ಗಿನ ಹತ್ತಿರ ವೈರ್ ತುಂಡಾಗಿತ್ತು. ಎಂಟು ವರ್ಷದ ಹುಡುಗರೂ ಜೋಡಿಸುವ ವೈರ್. ಅವಳು ಕೊಟ್ಟ ಚಹಾವನ್ನು ಅರ್ಧಕ್ಕೆ ಇಟ್ಟು ಎದ್ದೆ. ಅವನಿಂದ ನಾನು ತೆಗೆದುಕೊಂಡದ್ದು ಏನೆಂದು ಅವತ್ತು ಕಣ್ಣಾರೆ ನೋಡಿದೆ.

ಈ ವರ್ಷದ ದಶಮಿಗೆ ಅವನು ಬರುವ ಮೊದಲೇ ನಾನು ಹೊರಟೆ. ದೊಡ್ಡವನು ಸಣ್ಣವನ ಹತ್ತಿರ ಬನ್ನಿ ಹಿಡಿದು ಹೋಗುವ ರೂಢಿ ಇಲ್ಲ. ಹೆಂಡತಿ ಕೇಳಿದಳು, ಹೇಳಿದೆ. ಅವಳಿಗೆ ಮೊದಲ ಸಲ ಎಲ್ಲ ಹೇಳಿದೆ. ಅವಳು ಬನ್ನಿ ಎಲೆಗಳನ್ನು ಒಂದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟು, ಹೋಗಿ ಬರ್ರಿ ಎಂದಳು.

ನಾನು ಗೋದಾಮು ಮುಟ್ಟಿದಾಗ ಮೂರು ಗಂಟೆ ಬಿಸಿಲು. ಹಬ್ಬದ ದಿನವೂ ಅವನಿಗೆ ಪಾಳಿ ಇತ್ತು. ಗೇಟಿನ ಪಕ್ಕದ ತಗಡಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನನ್ನು ನೋಡಿ ಗಾಬರಿಯಿಂದ ಎದ್ದ. ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೇನು ಎಂದು ಕೇಳಿದ. ಇದ್ದಾರೆ ಎಂದು ಹೇಳಿ ಬನ್ನಿಯನ್ನು ಅವನ ಕೈಗೆ ಕೊಟ್ಟೆ. ಅವನು ಕಾಲು ಮುಟ್ಟಲು ಬಾಗಿದ. ನಾನು ತೋಳು ಹಿಡಿದು ತಡೆದೆ. ಮುಟ್ಟಬೇಡ ಎಂದು, ನಿಂತಲ್ಲಿಯೇ ಹೇಳಿದೆ. ನಿಂಬೆಹಣ್ಣು, ಟೇಪು, ಕಿಲುಬು, ಇಕ್ಕಳದಲ್ಲಿ ಜಗ್ಗಿದರೂ ಬಿಡದ ಅವನ ಬೆಸುಗೆ, ಕಟ್ಟೆಯ ಮೇಲೆ ನಾನು ಆಡಿದ ಮಾತು. ನಡುವೆ ನಿಲ್ಲಿಸಿದರೆ ಮುಗಿಸುವುದಿಲ್ಲ ಎಂಬ ಹೆದರಿಕೆಯಿಂದ ಒಂದೇ ಸಮನೆ ಹೇಳಿದೆ.

ಅವನು ಕೇಳಿದ. ಗೇಟಿನ ಕಂಬಕ್ಕೆ ಒರಗಿಕೊಂಡ. ಆಮೇಲೆ ಕೇಳಿದ ಮೊದಲ ಮಾತು:

"ಯಾವ ಪಿನ್ನು?"

"ನಡುವಿಂದು."

ವಾಷರುಗಳ ಡಬ್ಬಿಯಿಂದ ತಂದಿದ್ದ ಪಿನ್ನನ್ನು ಜೇಬಿನಿಂದ ತೆಗೆದು ಕೊಟ್ಟೆ. ಅವನು ಅದನ್ನು ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದ. ಹೆಬ್ಬೆರಳಿನ ಉಗುರಿನಿಂದ ಹಸಿರನ್ನು ಕೆರೆದ. ಕೆಳಗೆ ತಾಮ್ರದ ಕೆಂಪು ಒಂದು ಚುಕ್ಕೆ ಕಂಡಿತು. ಅವನ ಕಣ್ಣುಗಳು ಆಗ ಆ ಮಧ್ಯಾಹ್ನದ ಕಣ್ಣಿನ ಹಾಗೆಯೇ ಆದವು, ಅಂಕಿ ಕುಣಿದಾಗ ಅಣ್ಣ ಬಾ ಇಲ್ಲೆ ಎಂದು ಕರೆದವನ ಕಣ್ಣು. ಒಂದು ಗಳಿಗೆ ಅಷ್ಟೆ.

"ನಡುವಿನ ಪಿನ್ನ ಅಂತ ನನಗ ಅನ್ನಿಸಿತ್ತು" ಎಂದ. ಆಮೇಲೆ, "ಮಾಸ್ತರಗ ಹೇಳಿದಿ?"

ಹೇಳಿರಲಿಲ್ಲ. ಮಾಸ್ತರರು ತೀರಿಕೊಂಡು ಎರಡು ವರ್ಷವಾಗಿತ್ತು. ಅದನ್ನೂ ಹೇಳಿದೆ. ಅವನು ತಲೆ ಆಡಿಸಿದ.

"ಮಂದಿ ಮುಂದ ಹೇಳೂದು ಬ್ಯಾಡಾಗಿತ್ತಣ್ಣ. ನಿನ್ನ ಮರ್ಯಾದಿ ಹೋಗೂದು ನನಗೂ ಬೇಕಿರಲಿಲ್ಲ. ಆವತ್ತ ಮನಿಯೊಳಗ ಕರದು ನನಗೊಬ್ಬನಿಗೆ ಹೇಳಿದ್ದರ ಸಾಕಿತ್ತು."

ವಾಪಸ್ ಬಾ ಎಂದೆ. ಗ್ಯಾರೇಜು ನಿನ್ನದೇ, ಬೋರ್ಡಿಗೂ ನಿನ್ನ ಹೆಸರು ಬರೆಸುತ್ತೇನೆ, ನಿನ್ನನ್ನು ಬೈದ ಜಾಗದಲ್ಲೇ ನಿಂತು ಎಲ್ಲರಿಗೂ ಹೇಳುತ್ತೇನೆ ಎಂದೆ. ಅವನು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. ಗ್ರೀಸಿನ ಕಪ್ಪು ಒಂದು ಗೆರೆಯಲ್ಲೂ ಉಳಿದಿರಲಿಲ್ಲ. ಗ್ರೀಸು ಹತ್ತಿದ ನನ್ನ ಕೈಗಳು ಪಕ್ಕದಲ್ಲೇ ಇದ್ದವು.

"ತಪ್ಪು ನಂದಲ್ಲ ಅಂತ ತಲಿಗೆ ತಿಳೀತು. ಕೈಗೆ ಯಾರು ಹೇಳಬೇಕು?"

ಅಷ್ಟರಲ್ಲಿ ಗೇಟಿಗೆ ಮೆಕ್ಕೆಜೋಳದ ಚೀಲ ಹೇರಿದ ಹಳೆಯ ಡೀಸೆಲ್ ಟೆಂಪೊ ಒಂದು ಬಂತು. ಅದರ ಎಂಜಿನ್ ಕುಂಟುತ್ತಿತ್ತು. ನಾಲ್ಕರಲ್ಲಿ ಒಂದು ಸಿಲಿಂಡರ್ ತಪ್ಪಿ ತಪ್ಪಿ ಹೊಡೆಯುತ್ತಿತ್ತು. ನನಗೆ ಕೇಳಿಸಿತು. ಅವನಿಗೂ ಕೇಳಿಸಿತು, ಕಿವಿ ಆ ಕಡೆ ತಿರುಗಿದ್ದನ್ನು ನಾನು ನೋಡಿದೆ. ಡ್ರೈವರ್ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಒಂದು ಮಾತು ಹೇಳಿದ್ದರೆ ಸಾಕಿತ್ತು, ಬಾನೆಟ್ ಎತ್ತು ಎಂದು. ನಾನು ಹೇಳಬಾರದೆಂದು ತಡೆದುಕೊಂಡೆ. ಅವನು ಹೇಳಲಿ ಎಂದು ಕಾದೆ.

ಅವನು ಗೇಟು ಎತ್ತಿದ. ಹೋಗ್ರಿ ಎಂದು ಕೈ ಮಾಡಿದ. ಟೆಂಪೊ ಕುಂಟುತ್ತ ಒಳಗೆ ಹೋಯಿತು. ಸದ್ದು ಗೋದಾಮಿನ ಹಿಂದೆ ತಿರುಗಿ ಕಡಿಮೆಯಾಗುವವರೆಗೆ ಇಬ್ಬರೂ ನಿಂತಿದ್ದೆವು.

ನಾನು ಕೊಟ್ಟ ಬನ್ನಿಯನ್ನು ಅವನು ಅಂಗಿಯ ಜೇಬಿಗೆ ಹಾಕಿಕೊಂಡಿದ್ದ. ತಿರುಗಿ ಕೊಡಲು ಅವನ ಹತ್ತಿರ ಎಲೆ ಇತ್ತು. ಮುಂಜಾನೆ ಯಾರೋ ಕೊಟ್ಟ ಒಂದು ಟೊಂಗೆ ಕುರ್ಚಿಯ ಮೇಲೆ ಬಾಡುತ್ತಿತ್ತು. ಅವನು ಅದನ್ನು ಮುಟ್ಟಲಿಲ್ಲ. ಬಿಸಿಲಾಗ ನಿಂತಿಯಲ್ಲ, ನೆರಳಿಗೆ ಬಾ, ಐದು ಗಂಟೆಗೆ ಗೇಟಿನ ಮುಂದನ ಗದಗಿನ ಬಸ್ಸ ನಿಲ್ಲತೈತಿ ಎಂದ. ಪಿನ್ನು ಇನ್ನೂ ಅವನ ಮುಷ್ಟಿಯಲ್ಲಿತ್ತು. ನಾನು ಬಸ್ಸು ಹತ್ತಿ ಕಿಟಕಿಯಿಂದ ನೋಡಿದಾಗಲೂ ಆ ಕೈ ಹಾಗೆಯೇ ಮುಚ್ಚಿತ್ತು.